ಆರಂಭಿಕ ಆಲ್ಝೈಮರ್ ಮತ್ತು ಮಿದುಳು ಚಿತ್ರಣ: ಪಿಎಚ್‌.ಡಿ. ನಂತರದ ಸಂಶೋಧನಾ ತರಬೇತಿ

ಮರೆವು ಹೊರಗೆ ಕಾಣಿಸುವ ಮೊದಲೇ, ಇಲ್ಲವೇ ಆಗತಾನೇ ಕಾಣಿಸತೊಡಗಿದಾಗ, ಆಲ್ಝೈಮರ್ ಕಾಯಿಲೆ ಮಿದುಳಿನಲ್ಲಿ ಉಂಟುಮಾಡುವ ಬದಲಾವಣೆಗಳನ್ನು ಎಂಆರ್‌ಐ, ಪೆಟ್ ಮೊದಲಾದ ಸ್ಕ್ಯಾನ್‌ಗಳಲ್ಲಿ ಗುರುತಿಸಿ ಅಳೆಯುವ ವಿದ್ಯೆಯಲ್ಲಿ, ಪಿಎಚ್‌.ಡಿ. ಅಥವಾ ವೈದ್ಯಕೀಯ ಸ್ನಾತಕೋತ್ತರ ಪದವಿ ಮುಗಿಸಿದವರು ಹಿರಿಯ ಸಂಶೋಧಕರೊಬ್ಬರ ಕೈಕೆಳಗೆ ಪಡೆಯುವ ತರಬೇತಿ. ಅವಧಿ ಸಾಮಾನ್ಯವಾಗಿ ಎರಡರಿಂದ ಐದು ವರ್ಷ. ತರಬೇತಿಯಲ್ಲಿರುವವರನ್ನು ಪೋಸ್ಟ್‌ಡಾಕ್ ಎಂದು ಕರೆಯುವುದು ರೂಢಿ. ವಿದ್ಯಾರ್ಥಿಯೂ ಅಲ್ಲದ, ಪ್ರಾಧ್ಯಾಪಕರೂ ಅಲ್ಲದ ನಡುವಿನ ಸ್ಥಿತಿ ಇದು. ಇದರ ಕೊನೆಗೆ ಪರೀಕ್ಷೆಯಿಲ್ಲ, ಪದವಿಯಿಲ್ಲ, ಘಟಿಕೋತ್ಸವವಿಲ್ಲ. ಪ್ರಕಟವಾದ ಪ್ರಬಂಧಗಳು, ಸ್ವಂತ ಹೆಸರಿನಲ್ಲಿ ಪಡೆದ ಅನುದಾನ, ಮುಂದೆ ಸಿಕ್ಕ ಹುದ್ದೆ ಇವೇ ತರಬೇತಿ ಫಲಿಸಿತೆಂಬುದಕ್ಕೆ ಸಾಕ್ಷಿ.

ಈ ಕ್ಷೇತ್ರಕ್ಕೆ ಬರುವವರ ಹಿನ್ನೆಲೆ ಒಂದೇ ಅಲ್ಲ. ಭೌತವಿಜ್ಞಾನ ಓದಿದವರಿಗೆ ಅಯಸ್ಕಾಂತ ಗೊತ್ತು, ರೋಗಿಯನ್ನು ಮಾತಾಡಿಸಿ ಗೊತ್ತಿಲ್ಲ. ನರರೋಗ ವೈದ್ಯರಿಗೆ ರೋಗಿ ಗೊತ್ತು, ಕಂಪ್ಯೂಟರಿನ ಕೋಡ್ ಗೊತ್ತಿಲ್ಲ. ಮನಶ್ಶಾಸ್ತ್ರದವರು, ಸಂಖ್ಯಾಶಾಸ್ತ್ರದವರು, ಎಂಜಿನಿಯರುಗಳೂ ಬರುತ್ತಾರೆ. ಆದ್ದರಿಂದ ಪ್ರತಿಯೊಬ್ಬರೂ ತಮಗೆ ಬಾರದ ಅರ್ಧವನ್ನು ಕಲಿಯಬೇಕಾಗುತ್ತದೆ. ಆದರೆ ಎಲ್ಲರೂ ಕಲಿಯಲೇಬೇಕಾದ, ಯಾವ ಪಠ್ಯಕ್ರಮದಲ್ಲೂ ಅದೇ ಹೆಸರಿನಲ್ಲಿ ಇಲ್ಲದ ಸಂಗತಿಯೊಂದಿದೆ: ಪರದೆಯ ಮೇಲೆ ಮೂಡಿದ ಚಿತ್ರವನ್ನು ಸುಲಭಕ್ಕೆ ನಂಬದಿರುವುದು. ಆರಂಭದ ಹಂತದ ಆಲ್ಝೈಮರ್ ಮಿದುಳಿಗೂ ಅದೇ ವಯಸ್ಸಿನ ಆರೋಗ್ಯವಂತರ ಮಿದುಳಿಗೂ ಇರುವ ಅಂತರ ಬಹಳ ಸಣ್ಣದು. ಯಂತ್ರ, ತಂತ್ರಾಂಶ, ಅಳೆಯುವವರ ಕೈ ಇವು ಮಾಡುವ ತಪ್ಪು ಅನೇಕ ಸಲ ಅದಕ್ಕಿಂತ ದೊಡ್ಡದು.

ಹಿನ್ನೆಲೆ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ಕನ್ನಡದಲ್ಲಿದೆ. ಮುದುಕರ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವ ರೂಢಿ ನಮ್ಮ ಹಳ್ಳಿಗಳಲ್ಲಷ್ಟೇ ಇತ್ತೆನ್ನುವಂತಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಹಾಗೆಯೇ ನಡೆದುಕೊಂಡಿತು. ಜರ್ಮನಿಯ ಫ್ರಾಂಕ್‌ಫರ್ಟಿನ ಮನೋರೋಗ ಆಸ್ಪತ್ರೆಗೆ 1901ರಲ್ಲಿ ದಾಖಲಾದ ಆಗಸ್ಟೆ ಡೀಟರ್ ಎಂಬ ಮಹಿಳೆಗೆ ಆಗ 51 ವರ್ಷ. ಅವರನ್ನು ನೋಡಿಕೊಂಡ ವೈದ್ಯ ಅಲೋಯಿಸ್ ಆಲ್ಝೈಮರ್, 1906ರಲ್ಲಿ ಆಕೆ ತೀರಿಕೊಂಡಾಗ ಮ್ಯೂನಿಕ್‌ನಲ್ಲಿದ್ದರು. ಮಿದುಳನ್ನು ಅಲ್ಲಿಗೇ ತರಿಸಿಕೊಂಡು ಬೆಳ್ಳಿಲವಣದ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಕೋಶಗಳ ಹೊರಗೆ ಗಟ್ಟಿ ಕಲೆಗಳೂ ಒಳಗೆ ನೂಲಿನ ಸಿಕ್ಕುಗಳೂ ಕಂಡವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದರು. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಮನೋರೋಗ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಆಲ್ಝೈಮರರ ಹೆಸರಿಟ್ಟರು. ಐವತ್ತರ ಆಸುಪಾಸಿನಲ್ಲಿ ಬಂದರೆ ಆಲ್ಝೈಮರ್, ಎಪ್ಪತ್ತೈದರಲ್ಲಿ ಬಂದರೆ ಮುಪ್ಪು ಎಂಬ ವಿಂಗಡಣೆ ಆಮೇಲೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಎರಡೂ ಒಂದೇ ಕಾಯಿಲೆ, ಇದು ಸಾವಿನ ದೊಡ್ಡ ಕಾರಣಗಳಲ್ಲೊಂದು ಎಂದು ಅಮೆರಿಕದ ನರರೋಗತಜ್ಞ ರಾಬರ್ಟ್ ಕ್ಯಾಟ್ಜ್‌ಮನ್ 1976ರ ಸಂಪಾದಕೀಯವೊಂದರಲ್ಲಿ ವಾದಿಸಿದ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ವೃದ್ಧಾಪ್ಯ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆ 1974ರಲ್ಲಿ ಹುಟ್ಟಿತ್ತು. ವಿಶ್ವವಿದ್ಯಾಲಯಗಳಲ್ಲಿ ಆಲ್ಝೈಮರ್ ಸಂಶೋಧನಾ ಕೇಂದ್ರಗಳಿಗೆ ಅದು ಹಣ ಕೊಡತೊಡಗಿದ್ದು 1984ರಲ್ಲಿ. ಇಂದಿಗೂ ಅಲ್ಲಿ ಈ ತರಬೇತಿ ಸಿಗುವ ನೆಲೆಗಳಲ್ಲಿ ಆ ಕೇಂದ್ರಗಳೂ ಸೇರಿವೆ.

1984ರಲ್ಲೇ ಪ್ರಕಟವಾದ ರೋಗನಿರ್ಣಯದ ಸೂತ್ರಗಳ ಪ್ರಕಾರ, ಬದುಕಿರುವ ರೋಗಿಗೆ ಆಲ್ಝೈಮರ್ ಇರಬಹುದು ಎಂದಷ್ಟೇ ವೈದ್ಯರು ಹೇಳಬಹುದಿತ್ತು. ಖಚಿತವಾಗಿ ಹೇಳಲು ಮಿದುಳಿನ ಅಂಗಾಂಶವೇ ಬೇಕಿತ್ತು. ಎಂದರೆ ಬಹುತೇಕ ಶವಪರೀಕ್ಷೆ ಆಗಬೇಕಿತ್ತು. ಚಿತ್ರಣ ತಂತ್ರಗಳು ಮಾಡಿದ ದೊಡ್ಡ ಕೆಲಸವೆಂದರೆ ಈ ನಿರ್ಣಯವನ್ನು ಸಾವಿನ ಆಚೆಯಿಂದ ಬದುಕಿನ ಈಚೆಗೆ ತಂದದ್ದು.

'ಆರಂಭಿಕ' ಎಂಬ ಮಾತಿನ ಅರ್ಥವೂ ಈ ನಡುವೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಂದಿದೆ. ಮೊದಲು ಅದು ಸೌಮ್ಯ ಡಿಮೆನ್ಷಿಯಾ. ಮೇಯೊ ಕ್ಲಿನಿಕ್ಕಿನ ರೊನಾಲ್ಡ್ ಪೀಟರ್‌ಸನ್ 1999ರಲ್ಲಿ ವಿವರಿಸಿದ ಸ್ಥಿತಿ ಅದಕ್ಕಿಂತ ಹಿಂದಿನದು. ನೆನಪಿನ ಪರೀಕ್ಷೆಯಲ್ಲಿ ಅಂಕ ಕಡಿಮೆ, ಆದರೆ ದಿನದ ವ್ಯವಹಾರಕ್ಕೆ ತೊಡಕಿಲ್ಲ: ಸಂಬಂಧಿಕರ ಮನೆಗೆ ಒಬ್ಬರೇ ಹೋಗಿಬರುತ್ತಾರೆ, ಬ್ಯಾಂಕಿನ ಕೆಲಸ ಮಾಡಿಕೊಳ್ಳುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ ಅಷ್ಟೆ. 2011ರ ಮಾರ್ಗಸೂಚಿಗಳು ಇನ್ನೂ ಹಿಂದಕ್ಕೆ ಹೋಗಿ, ಯಾವ ಲಕ್ಷಣವೂ ಇಲ್ಲದ, ಸ್ಕ್ಯಾನಿನಲ್ಲಷ್ಟೇ ಸುಳಿವು ಕಾಣುವ ಹಂತಕ್ಕೂ ಹೆಸರಿಟ್ಟವು. ಇದಕ್ಕೆ ಬಲ ಬಂದದ್ದು ವಂಶವಾಹಿ ದೋಷದಿಂದ ಚಿಕ್ಕ ವಯಸ್ಸಿನಲ್ಲೇ ಆಲ್ಝೈಮರ್ ಬರುವ ಕುಟುಂಬಗಳ ಅಧ್ಯಯನದಿಂದ. ಅಂಥ ಮನೆಗಳಲ್ಲಿ ತಂದೆಗೋ ತಾಯಿಗೋ ಯಾವ ವಯಸ್ಸಿನಲ್ಲಿ ಬಂತೆಂಬುದನ್ನು ನೋಡಿ ಮಕ್ಕಳಿಗೆ ಯಾವಾಗ ಬರಬಹುದೆಂದು ಅಂದಾಜು ಕಟ್ಟಬಹುದು. ಲಕ್ಷಣ ಕಾಣಿಸಬೇಕಾದ ಕಾಲಕ್ಕಿಂತ ಸುಮಾರು 15 ವರ್ಷ ಮೊದಲೇ ಪೆಟ್ ಸ್ಕ್ಯಾನಿನಲ್ಲಿ ಅಮಿಲಾಯ್ಡ್ (ಆಲ್ಝೈಮರ್ ಕಂಡ ಗಟ್ಟಿ ಕಲೆಗಳ ಪ್ರೋಟೀನ್) ಶೇಖರಣೆ ಕಾಣುತ್ತದೆ, ಸುಮಾರು 10 ವರ್ಷ ಮೊದಲು ಮಿದುಳಿನ ಗ್ಲೂಕೋಸ್ ಬಳಕೆ ತಗ್ಗುತ್ತದೆ ಎಂದು 2012ರಲ್ಲಿ ಈ ಕುಟುಂಬಗಳ ಅಂತರರಾಷ್ಟ್ರೀಯ ಅಧ್ಯಯನ ವರದಿ ಮಾಡಿತು. ಹಾಗಾಗಿ ಇಂದಿನ ಪೋಸ್ಟ್‌ಡಾಕ್ ಸ್ಕ್ಯಾನ್ ಮಾಡುವ ಬಹಳಷ್ಟು ಮಂದಿ ರೋಗಿಗಳೇ ಅಲ್ಲ. ಬಸ್ಸಿನಲ್ಲಿ ಬಂದು, ಕಾಫಿ ಕುಡಿದು, ಸ್ಕ್ಯಾನ್ ಮಾಡಿಸಿಕೊಂಡು ಮನೆಗೆ ಹೋಗುವ ಹಿರಿಯ ನಾಗರಿಕರು.

ಮೂರು ಬಗೆಯ ಚಿತ್ರಗಳು

ತರಬೇತಿಯ ಮೊದಲ ಪಾಠ ಹೆಚ್ಚಾಗಿ ಎಂಆರ್‌ಐ, ಅದರಲ್ಲೂ ಹಿಪ್ಪೋಕ್ಯಾಂಪಸ್ ಎಂಬ ಭಾಗದ ಅಳತೆ. ಕಿವಿಗಳ ಮಟ್ಟದಲ್ಲಿ, ಎರಡೂ ಬದಿಯ ಮಿದುಳಿನ ಒಳಮಗ್ಗುಲಲ್ಲಿ ಮುದುಡಿಕೊಂಡಿರುವ ಈ ಭಾಗ ಒಂದೊಂದು ಬದಿಯಲ್ಲಿ ಮೂರರಿಂದ ನಾಲ್ಕು ಘನ ಸೆಂಟಿಮೀಟರಿನಷ್ಟಿರುತ್ತದೆ. ಹೊಸ ನೆನಪು ಬೇರೂರುವುದು ಇದರ ನೆರವಿನಿಂದ. ಇದಕ್ಕೆ ತಾಗಿಕೊಂಡಿರುವ ಎಂಟೊರೈನಲ್ ತೊಗಟೆಯ (ತೊಗಟೆ ಎಂದರೆ ಮಿದುಳಿನ ಹೊರಪದರ) ಬಳಿಯಲ್ಲಿ ನೂಲಿನ ಸಿಕ್ಕುಗಳು ಮೊದಲು ಕಾಣಿಸಿಕೊಂಡು ಆಮೇಲೆ ಹಿಪ್ಪೋಕ್ಯಾಂಪಸ್ಸಿಗೂ ಕೊನೆಗೆ ಉಳಿದ ತೊಗಟೆಗೂ ಹರಡುತ್ತವೆ ಎಂದು ಜರ್ಮನಿಯ ಹೈಕೊ ಮತ್ತು ಇವಾ ಬ್ರಾಕ್ ದಂಪತಿ 1991ರಲ್ಲಿ 83 ಮಿದುಳುಗಳನ್ನು ಪರೀಕ್ಷಿಸಿ ತೋರಿಸಿದರು. ಸ್ಕ್ಯಾನ್ ನೋಡುವವರೆಲ್ಲರ ಕಣ್ಣು ಮೊದಲು ಅಲ್ಲಿಗೆ ಹೋಗುವುದು ಅದಕ್ಕೇ.

ಹಿಪ್ಪೋಕ್ಯಾಂಪಸ್ಸನ್ನು ಅಳೆಯಲು ಕೈಯಿಂದ ಗಡಿ ಎಳೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ವಿದ್ಯೆಯ ಸ್ವಭಾವ ತಿಳಿಯುತ್ತದೆ. ಮಿದುಳಿನ ಚಿತ್ರವನ್ನು ಮುಂದಿನಿಂದ ಹಿಂದಕ್ಕೆ ಒಂದೊಂದು ಮಿಲಿಮೀಟರಿನ ಹೋಳುಗಳಾಗಿ ಪರದೆಗೆ ತರುತ್ತಾರೆ. ಒಂದೊಂದು ಹೋಳಿನಲ್ಲೂ ಹಿಪ್ಪೋಕ್ಯಾಂಪಸ್ಸಿನ ಸುತ್ತ ಮೌಸ್ ಹಿಡಿದು ಗೆರೆ ಎಳೆಯಬೇಕು. ನಡುಭಾಗ ಸುಲಭ, ಬೂದು ಬಣ್ಣದ ಸುರುಳಿ ತಾನಾಗಿ ಕಾಣುತ್ತದೆ. ತಲೆಯ ಭಾಗಕ್ಕೆ ಬಂದಾಗ ಪಕ್ಕದ ಅಮಿಗ್ಡಲಾ ಅಂಟಿಕೊಂಡಿರುತ್ತದೆ, ಎರಡೂ ಬೂದು. ನಡುವೆ ಕೂದಲೆಳೆಯಂಥ ಬಿಳಿ ಗೆರೆಯೊಂದಿದ್ದರೆ ಪುಣ್ಯ. ಕೆಲವು ಸ್ಕ್ಯಾನ್‌ಗಳಲ್ಲಿ ಅದೂ ಮಸುಕು. ಬಾಲದ ತುದಿ ಎಲ್ಲಿ ಮುಗಿಯಿತೆನ್ನುವುದಂತೂ ಒಪ್ಪಂದದ ಮಾತು. ಎರಡು ವಾರ ಬಿಟ್ಟು ಅದೇ ಮಿದುಳನ್ನು, ಯಾರದೆಂದು ಗೊತ್ತಾಗದ ಹಾಗೆ ಮತ್ತೆ ಕೊಡುತ್ತಾರೆ. ಮೊದಲ ಸಲದ ಅಳತೆಗೂ ಎರಡನೆಯದಕ್ಕೂ ತಾಳೆಯಾಗದಿದ್ದರೆ ಕಲಿಕೆ ಇನ್ನೂ ಬಾಕಿ. ಬೇರೆ ಬೇರೆ ಲ್ಯಾಬ್‌ಗಳು ಬೇರೆ ಬೇರೆ ಕಡೆ ಗಡಿ ಹಾಕುತ್ತಿದ್ದುದರಿಂದ, ಯುರೋಪ್ ಮತ್ತು ಅಮೆರಿಕದ ಗುಂಪುಗಳು ಸೇರಿ ಎಲ್ಲರಿಗೂ ಸಲ್ಲುವ ಒಂದೇ ಪದ್ಧತಿಯನ್ನು ರೂಪಿಸಿ 2015ರ ಹೊತ್ತಿಗೆ ಪ್ರಕಟಿಸಿದವು.

ಇಷ್ಟೆಲ್ಲ ಶ್ರಮ ಯಾಕೆಂದರೆ ಸಂಖ್ಯೆಗಳು ಸಣ್ಣವು. ಆರೋಗ್ಯವಂತ ವೃದ್ಧರಲ್ಲಿ ಹಿಪ್ಪೋಕ್ಯಾಂಪಸ್ ವರ್ಷಕ್ಕೆ ಸುಮಾರು ಶೇ 1.4ರಷ್ಟು ಕುಗ್ಗಿದರೆ ಆಲ್ಝೈಮರ್ ರೋಗಿಗಳಲ್ಲಿ ಸುಮಾರು ಶೇ 4.7ರಷ್ಟು ಕುಗ್ಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯೊಂದು ಲೆಕ್ಕ ಹಾಕಿತು. ಮೂರು ಘನ ಸೆಂಟಿಮೀಟರಿನಲ್ಲಿ ಇದರ ವ್ಯತ್ಯಾಸ ಸಣ್ಣ ಕಾಳೊಂದರಷ್ಟು. ದಿನನಿತ್ಯದ ಚಿಕಿತ್ಸೆಗೆ ಇಷ್ಟು ನಾಜೂಕು ಬೇಡ. ಆಮ್‌ಸ್ಟರ್‌ಡ್ಯಾಮಿನ ಫಿಲಿಪ್ ಶೆಲ್ಟನ್ಸ್ ಮತ್ತು ಸಂಗಡಿಗರು 1992ರಲ್ಲಿ ಕೊಟ್ಟ 0ಯಿಂದ 4ರವರೆಗಿನ ಕಣ್ಣಳತೆ ಈಗಲೂ ಆಸ್ಪತ್ರೆಗಳಲ್ಲಿ ಚಲಾವಣೆಯಲ್ಲಿದೆ.

ಎರಡನೆಯ ಬಗೆ ಪೆಟ್. ಇಲ್ಲಿ ಯಂತ್ರ ಮಿದುಳಿನ ಆಕಾರವನ್ನು ನೋಡುವುದಿಲ್ಲ. ರಕ್ತನಾಳಕ್ಕೆ ಚುಚ್ಚಿದ ವಿಕಿರಣಶೀಲ ವಸ್ತು ಎಲ್ಲಿ ಹೋಗಿ ಕೂತಿತೆಂಬುದನ್ನು ಹಿಡಿಯುತ್ತದೆ. ಗ್ಲೂಕೋಸಿನ ನಕಲಾದ ಎಫ್‌ಡಿಜಿಯನ್ನು 1976ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಸಲ ಮನುಷ್ಯರಿಗೆ ಕೊಡಲಾಯಿತು. ಮಿದುಳಿನ ಯಾವ ಭಾಗ ಹಸಿವಿನಿಂದಿದೆ, ಯಾವುದು ಮಂಕಾಗಿದೆ ಎಂದು ಅದು ಹೇಳುತ್ತದೆ. ಆದರೆ ಆಲ್ಝೈಮರ್ 1906ರಲ್ಲಿ ಕಂಡ ಕಲೆಗಳನ್ನೇ ಬದುಕಿರುವವರ ತಲೆಯೊಳಗೆ ಕಾಣುವುದು ಸಾಧ್ಯವಾದದ್ದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಅವರಿಂದ. ಶವಪರೀಕ್ಷೆಯ ಕೋಣೆಯಲ್ಲಿ ಅಮಿಲಾಯ್ಡಿಗೆ ಬಣ್ಣ ಕೊಡಲು ಬಳಸುತ್ತಿದ್ದ ಥಯೋಫ್ಲೇವಿನ್ ಎಂಬ ಹಳದಿ ರಂಗನ್ನು ಮಾರ್ಪಡಿಸಿ, ಮಿದುಳಿನೊಳಗೆ ನುಗ್ಗಬಲ್ಲ, ವಿಕಿರಣಶೀಲ ಕಾರ್ಬನ್ ಹೊತ್ತ ವಸ್ತುವನ್ನು ಅವರು ತಯಾರಿಸಿದರು. ಪಿಟ್ಸ್‌ಬರ್ಗ್ ಕಾಂಪೌಂಡ್ ಬಿ ಎಂಬ ಅದರ ಹೆಸರನ್ನು ಲ್ಯಾಬಿನವರು ಪಿಬ್ ಎಂದು ಚಿಕ್ಕದು ಮಾಡಿಕೊಂಡಿದ್ದಾರೆ. ಮೊದಲ ಮಾನವ ಸ್ಕ್ಯಾನ್ ನಡೆದದ್ದು 2002ರ ಫೆಬ್ರವರಿಯಲ್ಲಿ, ಸ್ವೀಡನ್ನಿನ ಉಪ್ಸಾಲಾದಲ್ಲಿ. 16 ಮಂದಿ ರೋಗಿಗಳು, 9 ಮಂದಿ ಆರೋಗ್ಯವಂತರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ಪಿಬ್‌ನಲ್ಲಿರುವ ಕಾರ್ಬನ್-11ರ ಅರ್ಧಾಯುಷ್ಯ ಸುಮಾರು 20 ನಿಮಿಷ. ಸೈಕ್ಲೋಟ್ರಾನ್ ಎಂಬ ಯಂತ್ರದ ನೆರವಿನಿಂದ ತಯಾರಾದ ಮದ್ದು ಮಹಡಿ ಇಳಿದು ಬರುವಷ್ಟರಲ್ಲೇ ಕರಗತೊಡಗುತ್ತದೆ. ಚುಚ್ಚುಮದ್ದು ಕೊಟ್ಟ ಸುಮಾರು 50 ನಿಮಿಷದ ಮೇಲೆ ಚಿತ್ರ ತೆಗೆಯುವುದು ರೂಢಿ. ಮದ್ದು ಗುಣಮಟ್ಟದ ಪರೀಕ್ಷೆಯಲ್ಲಿ ತಡವಾದರೆ ಆ ದಿನದ ಕೆಲಸವೇ ಕೆಟ್ಟಿತು. ಆದ್ದರಿಂದ ಪೆಟ್ ಕಲಿಯುವವರು ಮೊದಲು ಕಲಿಯುವುದು ಗಡಿಯಾರ ನೋಡುವುದನ್ನು. 110 ನಿಮಿಷ ಅರ್ಧಾಯುಷ್ಯದ ಫ್ಲೋರಿನ್-18 ಹೊತ್ತ ಫ್ಲೋರ್ಬೆಟಾಪಿರ್‌ಗೆ ಅಮೆರಿಕದ ಔಷಧ ಇಲಾಖೆ 2012ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಸೈಕ್ಲೋಟ್ರಾನ್ ಇಲ್ಲದ ಆಸ್ಪತ್ರೆಗೂ ಅಮಿಲಾಯ್ಡ್ ಸ್ಕ್ಯಾನ್ ತಲುಪಿತು. ನೂಲಿನ ಸಿಕ್ಕುಗಳನ್ನು, ಎಂದರೆ ಟಾವ್ ಪ್ರೋಟೀನನ್ನು, ತೋರಿಸುವ ಫ್ಲೋರ್ಟಾಸಿಪಿರ್‌ಗೆ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಇದಕ್ಕೊಂದು ಕೆಟ್ಟ ಅಭ್ಯಾಸವಿದೆ. ಹಿಪ್ಪೋಕ್ಯಾಂಪಸ್ಸಿಗೆ ತೀರ ಹತ್ತಿರವಿರುವ ಕೋರಾಯ್ಡ್ ಜಾಲದಲ್ಲೂ ಅದು ಹೋಗಿ ಕೂರುತ್ತದೆ. ಅಲ್ಲಿನ ಬೆಳಕು ಪಕ್ಕಕ್ಕೆ ಚೆಲ್ಲಿ, ಇಲ್ಲದ ಸಿಕ್ಕನ್ನು ಇದೆಯೆಂದು ತೋರಿಸಬಲ್ಲದು.

ಮೂರನೆಯದು ಕೆಲಸದಲ್ಲಿರುವ ಮಿದುಳನ್ನು ತೋರಿಸುವ ಎಫ್‌ಎಂಆರ್‌ಐ. ರಕ್ತದಲ್ಲಿ ಆಮ್ಲಜನಕ ಹೆಚ್ಚು ಕಡಿಮೆಯಾದಂತೆ ಎಂಆರ್‌ಐ ಸಂಕೇತ ಬದಲಾಗುವುದನ್ನು ಜಪಾನಿನ ಸೆಯ್ಜಿ ಒಗಾವಾ 1990ರಲ್ಲಿ ವಿವರಿಸಿದರು. ಆಲ್ಝೈಮರ್ ವಿಷಯದಲ್ಲಿ ಇದು ಕೊಟ್ಟ ಕುತೂಹಲದ ಸುಳಿವೆಂದರೆ, ಏನೂ ಮಾಡದೆ ಸುಮ್ಮನಿರುವಾಗ ಚುರುಕಾಗುವ ಮಿದುಳಿನ ಜಾಲವೊಂದು ಅಮಿಲಾಯ್ಡ್ ಮೊದಲು ಶೇಖರವಾಗುವ ಜಾಗಗಳಿಗೆ ಬಹುಮಟ್ಟಿಗೆ ಹೊಂದುತ್ತದೆ ಎಂಬುದು. ಆದರೂ ರೋಗನಿರ್ಣಯದಲ್ಲಿ ಎಫ್‌ಎಂಆರ್‌ಐಗೆ ಇನ್ನೂ ಜಾಗ ಸಿಕ್ಕಿಲ್ಲ.

ತಪ್ಪಿನ ಪಾಠ

ಸ್ಕ್ಯಾನ್ ಯಂತ್ರದ ಮುಂದೆ ಕಳೆಯುವ ಹೊತ್ತಿಗಿಂತ ಕಂಪ್ಯೂಟರಿನ ಮುಂದೆ ಕಳೆಯುವ ಹೊತ್ತು ಹೆಚ್ಚು. ಹಾರ್ವರ್ಡಿಗೆ ಸೇರಿದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಬೆಳೆದ ಫ್ರೀಸರ್ಫರ್, ಲಂಡನ್ನಿನ ಎಸ್‌ಪಿಎಂ, ಆಕ್ಸ್‌ಫರ್ಡಿನ ಎಫ್‌ಎಸ್‌ಎಲ್ ಈ ಕ್ಷೇತ್ರದ ದಿನಬಳಕೆಯ ತಂತ್ರಾಂಶಗಳು. ಸ್ಕ್ಯಾನ್ ಕೊಟ್ಟರೆ ಫ್ರೀಸರ್ಫರ್ ಕೆಲವು ಗಂಟೆಗಳಲ್ಲಿ ಮಿದುಳಿನ ಭಾಗಗಳ ಗಾತ್ರ, ತೊಗಟೆಯ ದಪ್ಪ ಎಲ್ಲವನ್ನೂ ಪಟ್ಟಿ ಮಾಡಿ ಕೊಡುತ್ತದೆ. ಕೈಯಿಂದ ಗೆರೆ ಎಳೆದವರಿಗೆ ಇದು ವರದಂತೆ ಕಾಣುವುದು ಸಹಜ. ಆದರೆ ಅದರದೇ ಎರಡು ಆವೃತ್ತಿಗಳಲ್ಲಿ ಒಂದೇ ಸ್ಕ್ಯಾನ್‌ಗಳನ್ನು ಅಳೆದಾಗ ಭಾಗಗಳ ಗಾತ್ರದಲ್ಲಿ ಸರಾಸರಿ ಶೇ 8.8ರಷ್ಟು ವ್ಯತ್ಯಾಸ ಬಂದದ್ದನ್ನು 2012ರ ಅಧ್ಯಯನವೊಂದು ತೋರಿಸಿತು. ಕಾಯಿಲೆ ಒಂದು ವರ್ಷದಲ್ಲಿ ಹಿಪ್ಪೋಕ್ಯಾಂಪಸ್ಸನ್ನು ಕುಗ್ಗಿಸುವುದು ಇದರ ಅರ್ಧದಷ್ಟು! ಅಧ್ಯಯನದ ನಡುವೆ ತಂತ್ರಾಂಶ ಬದಲಿಸಬೇಡಿ ಎಂದು ಹಿರಿಯರು ಮೊದಲ ದಿನವೇ ಹೇಳುವುದು ಸುಮ್ಮನೆ ಅಲ್ಲ. ಸ್ಕ್ಯಾನ್ ವೇಳೆ ತಲೆ ಅಲುಗಿದರೂ ತೊಗಟೆ ತೆಳುವಾದಂತೆ ಕಾಣುತ್ತದೆ. ಮರೆವಿನ ರೋಗಿಗಳು ಇತರರಿಗಿಂತ ಹೆಚ್ಚು ಅಲುಗುವುದರಿಂದ, ಅಲುಗಾಟವೇ ಕಾಯಿಲೆಯ ವೇಷ ಹಾಕಿಕೊಂಡು ಬರುವ ಅಪಾಯವಿದೆ.

ಈ ಕ್ಷೇತ್ರದಲ್ಲಿ ಹೊಸಬರಿಗೆ ತಪ್ಪದೆ ಹೇಳುವ ಕಥೆ ಸತ್ತ ಮೀನಿನದು. ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಫೋಟೊಗಳನ್ನು ತೋರಿಸಿ, ಚಿತ್ರದಲ್ಲಿರುವವರು ಯಾವ ಭಾವದಲ್ಲಿದ್ದಾರೆ ಎಂದು ಪ್ರಶ್ನೆಯನ್ನೂ ಕೇಳಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ಸಂಖ್ಯಾಶಾಸ್ತ್ರದ ತಿದ್ದುಪಡಿ ಬಿಟ್ಟರೆ ಸತ್ತ ಮೀನಿನ ಮಿದುಳೂ 'ಚುರುಕಾಗಿ' ಕಂಡಿತು. 2009ರಲ್ಲಿ ಸಮ್ಮೇಳನವೊಂದರಲ್ಲಿ ಪೋಸ್ಟರಾಗಿ ತೂಗಿದ ಈ ಕೆಲಸಕ್ಕೆ 2012ರ ಇಗ್ ನೊಬೆಲ್ ಸಿಕ್ಕಿತು. ನಗು ಮುಗಿದ ಮೇಲೂ ಪಾಠ ಉಳಿಯಿತು. ಚಾಲ್ತಿಯಲ್ಲಿದ್ದ ತಂತ್ರಾಂಶಗಳ ಒಂದು ಬಗೆಯ ಲೆಕ್ಕಾಚಾರ ಕೆಲವು ಸಂದರ್ಭಗಳಲ್ಲಿ ಇಲ್ಲದ್ದನ್ನು ಇದೆಯೆಂದು ತೋರಿಸುವ ಪ್ರಮಾಣ ಶೇ 70ರವರೆಗೆ ಹೋಗಬಹುದೆಂದು 2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲಂಡ್ ಮತ್ತು ಸಂಗಡಿಗರು ತೋರಿಸಿದರು. 2020ರಲ್ಲಿ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಹಂಚಿ ಒಂಬತ್ತು ಪ್ರಶ್ನೆ ಕೇಳಿದಾಗ, ಯಾವ ಎರಡು ತಂಡಗಳೂ ಒಂದೇ ದಾರಿ ಹಿಡಿಯಲಿಲ್ಲ. ಹಲವು ಪ್ರಶ್ನೆಗಳಿಗೆ ಉತ್ತರಗಳೂ ಹೊಂದಲಿಲ್ಲ.

ಪ್ರಾಮಾಣಿಕ ತಪ್ಪಿನ ಆಚೆ ಇನ್ನೊಂದು ಬಗೆಯ ತಪ್ಪಿದೆ. ಅಮಿಲಾಯ್ಡಿನ ಒಂದು ರೂಪವೇ ಮರೆವಿಗೆ ಕಾರಣವೆಂದು ಇಲಿಗಳಲ್ಲಿ ತೋರಿಸಿದ್ದೇವೆಂದ, ಸಾವಿರಾರು ಸಲ ಉಲ್ಲೇಖಗೊಂಡ 2006ರ ನೇಚರ್ ಪ್ರಬಂಧವನ್ನು 2024ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅದರಲ್ಲಿದ್ದದ್ದು ಮಿದುಳಿನ ಸ್ಕ್ಯಾನ್ ಅಲ್ಲ, ಪ್ರೋಟೀನ್ ಪಟ್ಟಿಗಳ ಚಿತ್ರ. ಅವನ್ನು ತಿದ್ದಿದ ಕುರುಹುಗಳು ಸಿಕ್ಕಿದ್ದವು. ಚಿತ್ರದ ಮೂಲ ಕಡತವನ್ನು ಮುಟ್ಟದೆ ಜೋಪಾನವಾಗಿಡುವುದು, ಏನು ನೋಡುತ್ತೇವೆಂದು ಮೊದಲೇ ಬರೆದು ನೋಂದಾಯಿಸುವುದು, ಕೋಡನ್ನು ಇನ್ನೊಬ್ಬರು ಓಡಿಸಿ ನೋಡುವುದು ಇವು ಇಂದು ತರಬೇತಿಯ ಭಾಗವಾಗಿರುವುದಕ್ಕೆ ಇಂಥ ಪ್ರಕರಣಗಳೂ ಕಾರಣ. ಹತ್ತಾರು ಲ್ಯಾಬ್‌ಗಳ ಸ್ಕ್ಯಾನ್‌ಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿಡುವ ಬಿಡ್ಸ್ ಎಂಬ ಪದ್ಧತಿ 2016ರಲ್ಲಿ ಬಂತು. ಕಡತಕ್ಕೆ ಹೆಸರಿಡುವುದನ್ನು ಪಿಎಚ್‌.ಡಿ. ಪಡೆದವರಿಗೂ ಕಲಿಸಬೇಕೇ ಎಂದು ಹೊರಗಿನವರು ನಗಬಹುದು. ಮೂರು ವರ್ಷದ ಹಿಂದಿನ ತಮ್ಮದೇ ಕಡತವನ್ನು ಹುಡುಕಿದವರು ನಗುವುದಿಲ್ಲ.

ಈ ಕ್ಷೇತ್ರದ ಬಹುತೇಕ ಪೋಸ್ಟ್‌ಡಾಕ್‌ಗಳೂ ಒಂದಲ್ಲ ಒಂದು ದಿನ ಮುಟ್ಟುವ ದತ್ತಾಂಶ ಎಡಿಎನ್‌ಐ. ಸ್ಯಾನ್‌ಫ್ರಾನ್ಸಿಸ್ಕೊದ ಮೈಕೆಲ್ ವೈನರ್ ನೇತೃತ್ವದಲ್ಲಿ 2004ರಲ್ಲಿ ಶುರುವಾದ ಈ ಯೋಜನೆ ಮೊದಲ ಸುತ್ತಿನಲ್ಲಿ 55ರಿಂದ 90 ವರ್ಷದ ಸುಮಾರು 800 ಮಂದಿಯನ್ನು ಸೇರಿಸಿಕೊಂಡು ವರ್ಷ ವರ್ಷ ಸ್ಕ್ಯಾನ್ ಮಾಡುತ್ತ ಬಂತು. ಅರ್ಜಿ ಹಾಕಿದ ಸಂಶೋಧಕರಿಗೆಲ್ಲ ದತ್ತಾಂಶ ಕೊಡುವ ಅದರ ನಿಯಮ ಆ ಕಾಲಕ್ಕೆ ಹೊಸದು. ಸ್ವಂತ ಸ್ಕ್ಯಾನರ್ ಇಲ್ಲದ ಊರಿನಲ್ಲೂ ಈ ವಿಷಯದಲ್ಲಿ ಕೆಲಸ ಮಾಡುವಂತಾದದ್ದು ಅದರಿಂದ. ಕೊರತೆಯೂ ಅದರಲ್ಲೇ ಇದೆ: ಸೇರಿದವರಲ್ಲಿ ಬಹುಪಾಲು ಬಿಳಿಯರು, ಸರಾಸರಿ ಸುಮಾರು 16 ವರ್ಷ ಓದಿದವರು.

ವ್ಯಾಖ್ಯೆಯ ಜಗಳ

ಆಲ್ಝೈಮರ್ ಎಂದರೆ ಏನು ಎಂಬುದೇ ಇಂದು ವಿವಾದದಲ್ಲಿದೆ. ತರಬೇತಿಯಲ್ಲಿರುವವರು ಯಾವ ಪಕ್ಷವೆಂದು ಒಮ್ಮೆಯಾದರೂ ಯೋಚಿಸಬೇಕಾಗುತ್ತದೆ. ಮೇಯೊ ಕ್ಲಿನಿಕ್ಕಿನ ಕ್ಲಿಫರ್ಡ್ ಜ್ಯಾಕ್ ಮುಂದಾಳತ್ವದ 2018ರ ಚೌಕಟ್ಟು, ಅಮಿಲಾಯ್ಡ್, ಟಾವ್, ನರಕೋಶಗಳ ನಾಶ ಈ ಮೂರರ ಸೂಚಕಗಳ ಮೇಲೆ ಕಾಯಿಲೆಯನ್ನು ಗುರುತಿಸಿತು. ಲಕ್ಷಣವಿಲ್ಲದಿದ್ದರೂ ಸೂಚಕಗಳಿದ್ದರೆ ಅದು ಆಲ್ಝೈಮರೇ. ಆಗ ಸಂಶೋಧನೆಗಷ್ಟೇ ಎಂದಿದ್ದ ಈ ನೋಟವನ್ನು 2024ರ ಪರಿಷ್ಕೃತ ಮಾನದಂಡ ಚಿಕಿತ್ಸೆಯ ಕೋಣೆಗೂ ತಂದಿತು. ಯುರೋಪಿನ ಹಲವು ವೈದ್ಯರಿರುವ ಅಂತರರಾಷ್ಟ್ರೀಯ ಗುಂಪೊಂದು ಇದನ್ನು ಒಪ್ಪಿಲ್ಲ. ಲಕ್ಷಣವಿಲ್ಲದವರನ್ನು ಅಪಾಯದಲ್ಲಿರುವವರು ಎನ್ನಬೇಕೇ ಹೊರತು ರೋಗಿ ಎನ್ನಬಾರದು ಎಂಬುದು ಅದರ ವಾದ. ನೆನಪು ನೆಟ್ಟಗಿರುವವರಲ್ಲೂ ಅಮಿಲಾಯ್ಡ್ ಇರುವವರ ಪಾಲು 50ರ ವಯಸ್ಸಿನಲ್ಲಿ ಶೇ 10ರಷ್ಟಿದ್ದು 90ರ ಹೊತ್ತಿಗೆ ಶೇ 44ಕ್ಕೆ ಏರುತ್ತದೆ ಎಂದು 2015ರ ವಿಶ್ಲೇಷಣೆಯೊಂದು ಹೇಳಿತ್ತು. ಅವರಲ್ಲಿ ಅನೇಕರು ಮರೆವು ಕಾಣದೆಯೇ ತೀರಿಕೊಳ್ಳುತ್ತಾರೆ. ಇದನ್ನು ನೋಡಿದರೆ ಎರಡನೆಯ ಪಕ್ಷದ ಎಚ್ಚರಿಕೆ ತೂಕದ್ದು ಅನಿಸುತ್ತದೆ.

ಜಗಳಕ್ಕೆ ಕಾವು ಬಂದದ್ದು ಔಷಧದಿಂದ. ಅಮಿಲಾಯ್ಡ್ ತೆಗೆಯುವ ಲೆಕನೆಮ್ಯಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ, ಡೊನನೆಮ್ಯಾಬ್‌ಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. 1,795 ಮಂದಿಯ ಮೇಲಿನ ಪ್ರಯೋಗದಲ್ಲಿ ಲೆಕನೆಮ್ಯಾಬ್ 18 ತಿಂಗಳಲ್ಲಿ ಕಾಯಿಲೆಯ ಇಳಿಜಾರನ್ನು ಶೇ 27ರಷ್ಟು ನಿಧಾನಗೊಳಿಸಿತು. 18 ಅಂಕಗಳ ಮಾಪಕದಲ್ಲಿ ಅದು ಅರ್ಧ ಅಂಕಕ್ಕೂ ಕಡಿಮೆ ವ್ಯತ್ಯಾಸ. ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಇದರ ಅಡ್ಡಪರಿಣಾಮ. ಅದಕ್ಕಾಗಿ ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಎಂಆರ್‌ಐ ಮಾಡಬೇಕು. ಲಕ್ಷಣ ಇನ್ನೂ ಕಾಣದವರಿಗೆ ಸೊಲನೆಝುಮ್ಯಾಬ್ ಎಂಬ ಇನ್ನೊಂದು ಔಷಧ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2023ರಲ್ಲಿ ಸೋತಿತು. ಈಚೆಗೆ ರಕ್ತದಲ್ಲಿನ ಟಾವ್ ಪರೀಕ್ಷೆಗಳೂ ಬಂದಿವೆ. ಕಾಯಿಲೆ ಇದೆಯೋ ಇಲ್ಲವೋ ಎಂಬುದಕ್ಕೆ ಅವು ಸಾಕಾಗಬಹುದು, ಮಿದುಳಿನ ಎಲ್ಲಿ, ಎಷ್ಟು ಎಂಬುದಕ್ಕೆ ಸ್ಕ್ಯಾನೇ ಬೇಕು.

ಹಣ ಮತ್ತು ನೆಲೆ

ಅಮೆರಿಕದಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತರಬೇತಿ ಅನುದಾನದಡಿ ಹೊಸ ಪೋಸ್ಟ್‌ಡಾಕ್‌ಗೆ 2024ರಲ್ಲಿ ವರ್ಷಕ್ಕೆ 61,008 ಡಾಲರ್ ನಿಗದಿಯಾಗಿತ್ತು. ಈ ಅನುದಾನ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಬೆಂಗಳೂರಿನಿಂದಲೋ ಧಾರವಾಡದಿಂದಲೋ ಹೋದವರಿಗೆ ಸಂಬಳ ಬರುವುದು ಗೈಡ್‌ನ ಸಂಶೋಧನಾ ಅನುದಾನದಿಂದ. ಅದು ಮುಗಿದರೆ ಕೆಲಸವೂ, ವೀಸಾವೂ ತೂಗುಯ್ಯಾಲೆ. ಹೊರದೇಶದವರಿಗೂ ತೆರೆದಿರುವ ಒಂದು ಬಾಗಿಲು ಕೆ99 ಎಂಬ ಪ್ರಶಸ್ತಿ: ಗೈಡ್‌ನ ಆಶ್ರಯದಲ್ಲಿ ಎರಡು ವರ್ಷದವರೆಗೆ, ಆಮೇಲೆ ಸ್ವಂತ ಹುದ್ದೆ ಸಿಕ್ಕರೆ ಮೂರು ವರ್ಷದವರೆಗೆ ಹಣ ಬರುತ್ತದೆ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ಪಿಗೆ ಪಿಎಚ್‌.ಡಿ. ಮುಗಿದು ಎಂಟು ವರ್ಷ ದಾಟಿರಬಾರದು. ಭಾರತದಲ್ಲಿ ಎರಡು ವರ್ಷದ ರಾಷ್ಟ್ರೀಯ ಪೋಸ್ಟ್‌ಡಾಕ್ಟೊರಲ್ ಫೆಲೋಶಿಪ್ ಇದೆ. ಆದರೆ ಕಾಯಿಲೆಯ ಗತಿ ನೋಡಲು ಒಬ್ಬರನ್ನೇ ಹಲವು ವರ್ಷ ಹಿಂಬಾಲಿಸಬೇಕಾದ ಕ್ಷೇತ್ರಕ್ಕೆ ಎರಡು ವರ್ಷ ತೀರ ಗಿಡ್ಡ. ಎರಡನೆಯ ಸ್ಕ್ಯಾನ್ ಬರುವಷ್ಟರಲ್ಲಿ ಫೆಲೋಶಿಪ್ ಮುಗಿದಿರುತ್ತದೆ.

ಭಾರತ ಮತ್ತು ಕರ್ನಾಟಕ

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯ ಅಂದಾಜು. ಈ ವಿಷಯದ ಸಂಶೋಧನೆಯಲ್ಲಿ ಬೆಂಗಳೂರಿಗೆ ಎದ್ದುಕಾಣುವ ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಇನ್ಫೊಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ನೆರವಿನಿಂದ ಬೆಳೆದದ್ದು. ವಿಜಯಲಕ್ಷ್ಮಿ ರವೀಂದ್ರನಾಥ್ ಅದರ ಸ್ಥಾಪಕ ನಿರ್ದೇಶಕಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯ ಅಧ್ಯಯನವನ್ನು ಅದು ನಡೆಸುತ್ತಿದೆ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ವಂಶವಾಹಿ ವಿಶ್ಲೇಷಣೆಯ ಜತೆ ಎಂಆರ್‌ಐ ಕೂಡ ಇದರಲ್ಲಿ ಸೇರಿದೆ. ಎಡಿಎನ್‌ಐನಲ್ಲಿ ಇಲ್ಲದವರು ಇಲ್ಲಿದ್ದಾರೆ: ಹೊಲದಲ್ಲಿ, ಮಾವಿನ ತೋಟದಲ್ಲಿ ದುಡಿದ, ಶಾಲೆಯ ಮುಖವನ್ನೇ ಅಷ್ಟಾಗಿ ಕಾಣದ ಜನ. ನಗರದವರಿಗಾಗಿ ಬೆಂಗಳೂರಿನಲ್ಲಿ ಇನ್ನೊಂದು ಅಧ್ಯಯನ ಟಾಟಾ ಹೆಸರಿನಲ್ಲಿ ನಡೆಯುತ್ತಿದೆ.

ನಿಮ್ಹಾನ್ಸ್‌ನ ನರರೋಗತಜ್ಞೆ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ನೋಡಿ, ಎರಡು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದದ್ದನ್ನು 2013ರಲ್ಲಿ ವರದಿ ಮಾಡಿದರು. ಓದು ಬಾರದವರಲ್ಲೂ ಈ ಅಂತರ ಕಂಡಿತು. ಕನ್ನಡವೂ ತೆಲುಗೂ ಮನೆಮಾತಿನಂತೆ ಬೆರೆತಿರುವ ಕೋಲಾರದ ಸೀಮೆಯಲ್ಲಿ ಇಂಥ ಪ್ರಶ್ನೆಗಳನ್ನು ಸ್ಕ್ಯಾನಿನ ಜತೆ ಇಟ್ಟು ನೋಡಲು ಅವಕಾಶವಿದೆ.

ಆದರೆ ಸ್ಕ್ಯಾನಿಗೆ ಅರ್ಥ ಬರುವುದು ಅದರ ಪಕ್ಕದಲ್ಲಿಡುವ ನೆನಪಿನ ಅಂಕದಿಂದ. ಆ ಅಂಕ ಬರುವ ಪರೀಕ್ಷೆಗಳು ಓದುಬರಹ ಬಲ್ಲವರಿಗಾಗಿ ತಯಾರಾದವು. ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಒಂದು ವಾಕ್ಯ ಬರೆಯಿರಿ ಎಂದರೆ ಸಹಿ ಹಾಕಲೂ ಬಾರದ ಅಜ್ಜಿ ಮೊದಲ ದಿನವೇ 'ರೋಗಿ'. ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆಯಲ್ಲಿ ಇಪ್ಪತ್ತರಿಂದ ಮೂರು ಮೂರು ಕಳೆಯಬೇಕು. ವಾಕ್ಯ ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತಾರೆ. 'ಕಣ್ಣು ಮುಚ್ಚಿ' ಎಂದು ಬರೆದ ಚೀಟಿ ತೋರಿಸದೆ, ನಾನು ಮಾಡಿದ ಹಾಗೆ ಮಾಡಿ ಎಂದು ಕಣ್ಣು ಮುಚ್ಚಿ ತೋರಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆಮೇಲೆ ಇನ್ನೂ ವಿಸ್ತಾರವಾದ ಪರೀಕ್ಷಾ ಸಂಪುಟವೊಂದನ್ನು ಭಾರತದ ಐದು ಭಾಷೆಗಳಲ್ಲಿ ಸಿದ್ಧಪಡಿಸಿ ಮಾನಕಗೊಳಿಸಿತು. ಕನ್ನಡ ಆ ಐದರಲ್ಲಿ ಒಂದು.